ಚಿತ್ರ ನೋಡಿ ಕಟ್ಟಿದ ಊರು

ಚೀನಾದಲ್ಲಿ ‘ಹಳೇ ಕಾಲದ ಊರು’ ಅಂತ ಹೊಸದಾಗಿ ಕಟ್ಟಿದ ಪಾರ್ಕ್‌ಗಳು ಬೇಕಾದಷ್ಟಿವೆ. ಎಲ್ಲ ಸಿಮೆಂಟು, ಬಣ್ಣ, ದುಡ್ಡು ಮಾಡೋ ದಾರಿ ಅಂತ ಮೂಗು ಮುರಿಯುವವರೇ ಜಾಸ್ತಿ. ಬಹುಪಾಲು ಪಾರ್ಕ್‌ಗಳ ಮಟ್ಟಿಗೆ ನಂದೂ ಅದೇ ಮಾತು. ಆದರೆ ಹೆನಾನ್ ಪ್ರಾಂತ್ಯದ ಕೈಫೆಂಗ್‌ನಲ್ಲಿರುವ ಚಿಂಗ್‌ಮಿಂಗ್ ಶಾಂಗ್‌ಹ ಯುವಾನ್ ಪಾರ್ಕ್ ನೋಡಿದ ಮೇಲೆ ಅದೊಂದಕ್ಕೆ ವಿನಾಯಿತಿ ಕೊಟ್ಟಿದ್ದೇನೆ. ಅಲ್ಲಿ ಹೊಸದಾಗಿ ಕಟ್ಟದೆ ಬೇರೆ ದಾರಿಯೇ ಇರಲಿಲ್ಲ.

ಯಾಕೆ ಅಂದರೆ ಹಳೇ ಊರು ನೆಲದ ಕೆಳಗಿದೆ. ಕೈಫೆಂಗ್ 960ರಿಂದ 1127ರವರೆಗೆ ಉತ್ತರ ಸಾಂಗ್ ಅರಸರ ರಾಜಧಾನಿ. ಆಗ ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಅದೂ ಒಂದು. ಪಕ್ಕದಲ್ಲೇ ಹಳದಿ ನದಿ. ಅದು ಮತ್ತೆ ಮತ್ತೆ ಉಕ್ಕಿ ಬಂದು ಊರಿನ ಮೇಲೆ ಹೂಳು ಸುರಿದು ಹೋಗಿದೆ. 1642ರಲ್ಲಿ ದಂಗೆಕೋರರು ಊರಿಗೆ ಮುತ್ತಿಗೆ ಹಾಕಿದ್ದಾಗ ನದಿಯ ಒಡ್ಡನ್ನೇ ಯಾರೋ ಒಡೆದರು. ಲಕ್ಷಾಂತರ ಜನ ಸತ್ತರು. ಒಡೆದದ್ದು ಯಾರು ಅನ್ನುವ ತಕರಾರು ಇನ್ನೂ ಮುಗಿದಿಲ್ಲ. ಪ್ರತಿ ಸಲವೂ ಜನ ಬೇರೆ ಕಡೆ ಹೋಗದೆ ಹೂಳಿನ ಮೇಲೆಯೇ ಮನೆ ಕಟ್ಟಿಕೊಂಡರು. ಹಾಗಾಗಿ ಒಂದರ ಮೇಲೊಂದು ಆರು ಊರುಗಳಿವೆ. ಸಾಂಗ್ ಕಾಲದ್ದು ಸುಮಾರು 8ರಿಂದ 10 ಮೀಟರ್ ಕೆಳಗಿದೆ. ಮೇಲೆ ಬದುಕುತ್ತಿರುವ ಊರನ್ನು ಎಬ್ಬಿಸಿ ಅಗೆಯೋಕಾಗುತ್ತಾ?

ಊರು ಹೋದರೂ ಅದರ ಚಿತ್ರ ಉಳಿದಿತ್ತು. 12ನೇ ಶತಮಾನದ ಶುರುವಿನಲ್ಲಿ, ನಮ್ಮ ಕಡೆ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಹೊತ್ತಿನಲ್ಲಿ, ಝಾಂಗ್ ಝೆದುವಾನ್ ಅನ್ನುವ ಚಿತ್ರಕಾರ ರೇಷ್ಮೆಯ ಸುರುಳಿಯ ಮೇಲೆ ಈ ರಾಜಧಾನಿಯ ನದಿ ದಂಡೆಯ ಬದುಕನ್ನು ಬರೆದಿಟ್ಟ. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಉದ್ದ ಐದು ಮೀಟರಿಗೂ ಮೀರಿದ್ದು. ಮೂಲ ಚಿತ್ರ ಈಗ ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿದೆ. ಅದನ್ನೇ ನಕ್ಷೆಯ ಹಾಗೆ ಇಟ್ಟುಕೊಂಡು ಕಟ್ಟಿದ ಈ ಪಾರ್ಕ್ 1998ರಲ್ಲಿ ಬಾಗಿಲು ತೆರೆಯಿತು.

ಕೆಲಸದ ಮೇಲೆ ಝೆಂಗ್‌ಝೌಗೆ ಹೋಗಿದ್ದಾಗ ಒಂದು ಭಾನುವಾರ ಬಿಡುವು ಸಿಕ್ಕಿತ್ತು. ಅಲ್ಲಿಂದ ಕೈಫೆಂಗ್‌ಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಒಳಗೆ ಸಾಂಗ್ ಕಾಲದ ಬಟ್ಟೆ ಬಾಡಿಗೆಗೆ ಉಟ್ಟು ಓಡಾಡುವ ಹುಡುಗ ಹುಡುಗಿಯರು, ತಿಂಡಿ ಅಂಗಡಿ, ತೊಗಲುಗೊಂಬೆ, ಬಾಯಲ್ಲಿ ಬೆಂಕಿ ಉಗುಳುವವರು. ನ್ಯಾಯಕ್ಕೆ ಹೆಸರಾದ ಕೈಫೆಂಗ್‌ನ ಅಧಿಕಾರಿ ಬಾವೋ ಝೆಂಗ್ ಕಪ್ಪು ಮುಖದ ವೇಷದಲ್ಲಿ ಬಂದು ಸ್ವಾಗತ ಮಾಡುತ್ತಾನೆ. ಒಂದು ಕಡೆ ಸಾಹುಕಾರನ ಮಗಳು ಮಹಡಿಯಿಂದ ಕಸೂತಿ ಚೆಂಡು ಎಸೆಯುತ್ತಾಳೆ, ಹಿಡಿದವನೇ ಗಂಡ! ನನ್ನ ಮುಂದಿದ್ದ ದಪ್ಪ ಮೀಸೆಯ ಅಜ್ಜ ಕೈ ಚಾಚಿದ್ದೇ ಚಾಚಿದ್ದು. ಪಕ್ಕದಲ್ಲೇ ನಿಂತಿದ್ದ ಅಜ್ಜಿ ನಕ್ಕು ನಕ್ಕು ಸುಸ್ತು.

ಎಲ್ಲ ಚೆನ್ನಾಗಿದೆ. ಆದರೂ ನನಗೊಂದು ತಕರಾರಿದೆ. ಝಾಂಗ್ ಝೆದುವಾನನ ಚಿತ್ರದಲ್ಲಿ ರಾಜ ಇಲ್ಲ. ಅರಮನೆ ಇಲ್ಲ. ಯುದ್ಧವೂ ಇಲ್ಲ. ಐನೂರಕ್ಕೂ ಹೆಚ್ಚು ಜನ ಇದ್ದಾರೆ, ಅವರಲ್ಲಿ ಬಹಳ ಮಂದಿ ದುಡಿಯುವವರು. ಹಗ್ಗ ಕಟ್ಟಿ ದೋಣಿ ಎಳೆಯುವವರು, ಮೂಟೆ ಹೊರುವವರು, ಕೈಗಾಡಿ ತಳ್ಳುವವರು, ಕೋಟೆ ಬಾಗಿಲಲ್ಲಿ ಒಂಟೆ ನಡೆಸುವವರು, ಗಡ್ಡ ಹೆರೆಯುವವನು. ಸುಮ್ನೆ ನಿಂತು ನೋಡುವವರೂ ಇದ್ದಾರೆ ಅನ್ನಿ. ಇಷ್ಟು ಜನರನ್ನು ಒಬ್ಬ ಚಿತ್ರಕಾರ ಒಂಬೈನೂರು ವರ್ಷದ ಹಿಂದೆ ಗಮನಿಸಿದ್ದಾನಲ್ಲ, ಅದೇ ಆ ಚಿತ್ರದ ದೊಡ್ಡತನ. ಪಾರ್ಕ್ ಮಾಡಿದವರು ದಕ್ಷಿಣದ ಭಾಗವನ್ನು ಚಿತ್ರದ ಪೇಟೆಗೆ ಬಿಟ್ಟು, ಉತ್ತರದಲ್ಲಿ ರಾಜವೈಭವದ ಉದ್ಯಾನ, ಮಂಟಪ ಎಬ್ಬಿಸಿದ್ದಾರೆ. ಸೇನಾಪತಿ ಯುವೆ ಫೇಯ್‌ನ ಕುದುರೆ ಕಾಳಗಕ್ಕೆ ಜನ ಮುಗಿಬೀಳುತ್ತಾರೆ. ದೋಣಿ ಎಳೆಯುವವನ ಕಥೆ ಹೇಳುವ ಒಂದು ಆಟವೂ ನನ್ನ ಕಣ್ಣಿಗೆ ಬೀಳಲಿಲ್ಲ. ಇದು ಚೀನಾದವರ ಚಾಳಿ ಮಾತ್ರ ಅಲ್ಲ ಬಿಡಿ. ನಮ್ಮ ಉತ್ಸವಗಳಲ್ಲೂ ಇತಿಹಾಸ ಅಂದರೆ ಕಿರೀಟ, ಕತ್ತಿ, ಕುದುರೆ ಅಲ್ವಾ?

ಕಮಾನು ಸೇತುವೆಯ ಹತ್ತಿರ ಮಾತ್ರ ನನ್ನ ಸಿಟ್ಟು ಇಳಿಯಿತು. ಚಿತ್ರದ ನಡುವಿನ ಜಾಗ ಅದು. ನೀರಿನಲ್ಲಿ ಕಂಬವಿಲ್ಲದ ಮರದ ಸೇತುವೆ. ಅದರ ಕಡೆಗೆ ಒಂದು ದೊಡ್ಡ ದೋಣಿ ನುಗ್ಗಿ ಬರುತ್ತಿದೆ, ಹಾಯಿ ಕಂಬ ಇನ್ನೂ ಪೂರ್ತಿ ಇಳಿದಿಲ್ಲ. ದೋಣಿಯವರು ಪರದಾಡುತ್ತಿದ್ದಾರೆ. ಮೇಲಿನವರು ಕಟಕಟೆಗೆ ಬಾಗಿ ಕೂಗಾಡುತ್ತಿದ್ದಾರೆ. ಪಾರ್ಕಿನ ಸೇತುವೆಯಲ್ಲಿ ಆಗ ಕಾಲಿಡಲು ಜಾಗವಿರಲಿಲ್ಲ. ಸೆಲ್ಫಿಯವರು, ಮಗು ಕಳೆದುಕೊಂಡು ಕಿರುಚುವ ಅಮ್ಮ, ಸಕ್ಕರೆ ಪಾಕದ ಹಣ್ಣಿನ ಕಡ್ಡಿ ಹಿಡಿದ ಮಕ್ಕಳು, ಕಟಕಟೆಗೆ ಬಾಗಿ ದೋಣಿಯವನಿಗೆ ಬುದ್ಧಿ ಹೇಳುವ ನಾಲ್ಕು ಜನ ಗಂಡಸರು. ಚಿತ್ರಕ್ಕೆ ಸರಿಯಾಗಿ ನಟಿಸುತ್ತಿದ್ದವರು ಟಿಕೆಟ್ ಕೊಟ್ಟು ಬಂದ ಈ ಜನವೇ!

ಸಂಜೆ ಕೆರೆಯ ಮೇಲೆ ಸಾಂಗ್ ಕಾಲದ ಕವಿತೆಗಳ ಮೇಲೆ ಕಟ್ಟಿದ ದೊಡ್ಡ ಬೆಳಕಿನ ಪ್ರದರ್ಶನ ಇರುತ್ತದೆ. ಅದಕ್ಕೆ ಬೇರೆ ಟಿಕೆಟ್. ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಸಮಯ ಕಮ್ಮಿ ಇದ್ದರೆ ಅದನ್ನು ಬಿಟ್ಟು ಊರಿನ ಈಶಾನ್ಯ ಮೂಲೆಯ ಕಬ್ಬಿಣ ಪಗೋಡಾ ನೋಡಿ ಬನ್ನಿ. ಹೆಸರಷ್ಟೇ ಕಬ್ಬಿಣ, ಕಟ್ಟಿದ್ದು ಹೊಳಪಿನ ಇಟ್ಟಿಗೆಯಲ್ಲಿ. 1049ರದ್ದು, ಅಸಲಿ ಸಾಂಗ್ ಕಾಲದ್ದು. ಎತ್ತರ 55 ಮೀಟರ್ ಚಿಲ್ಲರೆ. ಅದರ ಬುಡವೂ ಹೂಳಿನಲ್ಲಿ ಹೂತಿದೆ. ಹೋಗುವ ಮೊದಲು ಝಾಂಗ್ ಝೆದುವಾನನ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ಒಂದು ಗಂಟೆ ನೋಡಿಕೊಳ್ಳಿ, ಗೈಡ್ ಬೇಕಾಗಲ್ಲ. ಮತ್ತೆ ರಜೆಯ ವಾರಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ.