ಕತ್ತರಿಸದೆ ಬಿಟ್ಟ ದಾರ

ಕಲಾವಿದೆ ಮಾರ್ಗರೀಟಾ ಕಬ್ರೇರಾ ಹೊಲಿದು ಮಾಡಿದ ಮಿಕ್ಸಿ, ಟೋಸ್ಟರ್, ಕಾಫಿ ಮೇಕರ್ ಶಿಲ್ಪಗಳ ಫೋಟೋ ಯಾರಿಗೆ ತೋರಿಸಿದರೂ ಒಂದು ಮಾತು ಬಂದೇ ಬರುತ್ತದೆ: "ಇದರಲ್ಲಿ ಕಲೆ ಎಲ್ಲಿದೆ? ನಮ್ಮ ಬೀದಿ ಟೈಲರೂ ಹೊಲೀತಾನೆ." ಹೌದು, ಹೊಲೀತಾನೆ. ವಿಷಯ ಇರುವುದೇ ಅಲ್ಲಿ ಅಲ್ವಾ?

ಕಬ್ರೇರಾ ಹುಟ್ಟಿದ್ದು 1973ರಲ್ಲಿ, ಮೆಕ್ಸಿಕೋದ ಮಾಂಟೆರ್ರೆಯಲ್ಲಿ. ಕೆಲಸ ಮಾಡಿದ್ದು ಅಮೆರಿಕದ ಎಲ್ ಪಾಸೋ ಊರಿನಲ್ಲಿ. ನದಿ ದಾಟಿದರೆ ಆಚೆ ಕಡೆ ಮೆಕ್ಸಿಕೋದ ಹ್ವಾರೆಸ್. ಅಲ್ಲಿರುವುದು ಇಂಥ ಮನೆ ಸಾಮಾನುಗಳನ್ನೂ ಜೋಡಿಸುವ, ಮಕಿಲಾಡೋರಾ ಎನ್ನುವ ಕಾರ್ಖಾನೆಗಳು. 1965ರಲ್ಲಿ ಮೆಕ್ಸಿಕೋ ಸರ್ಕಾರ ಗಡಿಯಲ್ಲಿ ಇವಕ್ಕೆ ದಾರಿ ಮಾಡಿಕೊಟ್ಟಿತು. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ 1994ರ ನಾಫ್ಟಾ ವ್ಯಾಪಾರ ಒಪ್ಪಂದದ ನಂತರ ಇನ್ನೂ ಜಾಸ್ತಿಯಾದವು. ಬಿಡಿಭಾಗಗಳು ಸುಂಕವಿಲ್ಲದೆ ಒಳಗೆ ಬರುತ್ತವೆ, ಅಲ್ಲಿನ ಕಾರ್ಮಿಕರು ಜೋಡಿಸುತ್ತಾರೆ, ಸಾಮಾನು ಮತ್ತೆ ಗಡಿ ದಾಟಿ ಹೋಗುತ್ತದೆ. ಆಚೆ ಕಡೆ ಕೂಲಿ ಕಡಿಮೆ. ಕಾರ್ಖಾನೆ ಅಲ್ಲಿರುವುದಕ್ಕೆ ಅದೇ ದೊಡ್ಡ ಕಾರಣ.

ಕಬ್ರೇರಾ ನಿಜವಾದ ಉಪಕರಣದ ಕೆಲವು ಭಾಗಗಳನ್ನು ಹಾಗೇ ಇಟ್ಟು, ಉಳಿದದ್ದನ್ನು ವಿನೈಲ್‌ನಲ್ಲಿ ಹೊಲಿದರು. ನಮ್ಮ ಆಟೋ ಸೀಟಿಗೆ ಹಾಕುವ ರೆಕ್ಸಿನ್ ಥರದ ಬಟ್ಟೆ ಅದು. ಗಾತ್ರ ಸರಿಯಾಗಿದೆ, ಬಣ್ಣ ಚೆಂದ. ಆದರೆ ನೆಟ್ಟಗೆ ನಿಲ್ಲುವ ಶಕ್ತಿ ಇಲ್ಲ, ಸುಸ್ತಾಗಿ ಕುಸಿದಿದೆ. ಪ್ಲಾಸ್ಟಿಕ್ಕಿನ ಹೊಳಪು ಹೋದ ಮೇಲೆ, ಯಾರೋ ಕೂತು ಮಾಡಿದ್ದು ಎನ್ನುವುದು ಕಣ್ಣಿಗೆ ಹೊಡೆಯುತ್ತದೆ. ಮತ್ತೆ ಆ ದಾರಗಳು! ಪ್ರತಿ ಹೊಲಿಗೆಯ ಕೊನೆಯಲ್ಲೂ ಉದ್ದಕ್ಕೆ ಜೋತು ಬಿದ್ದಿವೆ.

ಬೆಂಗಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಯಾವ ಅಕ್ಕನನ್ನಾದರೂ ಕೇಳಿ, ಆ ದಾರಗಳ ಬೆಲೆ ಹೇಳುತ್ತಾರೆ. ಟ್ರಿಮ್ಮಿಂಗ್‌ಗೆ ಅಂತಲೇ ಬೇರೆ ಜನ ಇರುತ್ತಾರೆ, ದಿನವಿಡೀ ದಾರ ಕತ್ತರಿಸುವುದೇ ಕೆಲಸ. ಚೆಕಿಂಗ್‌ನಲ್ಲಿ ಒಂದು ಎಳೆ ಕಂಡರೂ ಪೀಸ್ ವಾಪಸ್. ಶರ್ಟ್ ಅಂಗಡಿಗೆ ಹೋಗುವಷ್ಟರಲ್ಲಿ ಅದನ್ನು ಮುಟ್ಟಿದ ಕೈಗಳ ಗುರುತೆಲ್ಲ ಹೋಗಿರಬೇಕು. ಆ ಲೆಕ್ಕದಲ್ಲಿ ಕಬ್ರೇರಾ ಮಾಡಿದ ಒಂದು ಮಿಕ್ಸಿಯೂ ಪಾಸಾಗುವುದಿಲ್ಲ. ನನಗೆ ಅವು ಇಷ್ಟವಾಗುವುದೂ ಅದಕ್ಕೇ.

ಹೀಗೆ ಬಟ್ಟೆ, ವಿನೈಲ್‌ನಲ್ಲಿ ಮಾಡುವ ಮೆತ್ತನೆ ಶಿಲ್ಪ ಅಂದ ತಕ್ಷಣ ಎಲ್ಲರೂ ಹೇಳುವ ಹೆಸರು ಅಮೆರಿಕದ ಕಲಾವಿದ ಕ್ಲಾಸ್ ಓಲ್ಡನ್‌ಬರ್ಗ್. 1962ರಲ್ಲಿ ನ್ಯೂಯಾರ್ಕಿನಲ್ಲಿ ಮಂಚದಷ್ಟು ದೊಡ್ಡ ಬರ್ಗರ್ ಮಾಡಿ ನೆಲದ ಮೇಲಿಟ್ಟವರು. ಆಮೇಲೆ ಮೆತ್ತನೆ ಟೈಪ್‌ರೈಟರ್, ಮೆತ್ತನೆ ಟಾಯ್ಲೆಟ್. ನೋಡಿದರೆ ನಗು ಬರುತ್ತದೆ, ಬರಲಿ. ಆದರೆ ಆ ಬರ್ಗರ್ ಹೊಲಿದದ್ದು ಅವರ ಆಗಿನ ಹೆಂಡತಿ ಪ್ಯಾಟಿ ಮುಚಾ. ಆ ಹೆಸರು ಎಷ್ಟು ಜನಕ್ಕೆ ಗೊತ್ತು? ಕಾರ್ಖಾನೆ ಬೇಡ, ಮನೆಯೊಳಗೇ ಹೊಲಿಗೆ ಒಬ್ಬರದು, ಹೆಸರು ಇನ್ನೊಬ್ಬರದು.

ಈ ಪ್ರಶ್ನೆ ಕಬ್ರೇರಾ ಅವರನ್ನೂ ಬಿಡುವುದಿಲ್ಲ. ಕಾರ್ಮಿಕರ ಬಗ್ಗೆ ಮಾಡಿದ ಶಿಲ್ಪ ಗ್ಯಾಲರಿಗೆ ಹೋಗಿ, ದುಡ್ಡಿದ್ದವರ ಮನೆ ಸೇರಬಹುದಲ್ಲ? ಇದಕ್ಕೆ ಅವರೇ ಒಂದು ಥರದ ಉತ್ತರ ಕೊಟ್ಟಿದ್ದಾರೆ ಅನ್ನಿಸುತ್ತದೆ. 2010ರಲ್ಲಿ ಶುರುವಾದ 'ಸ್ಪೇಸ್ ಇನ್ ಬಿಟ್ವೀನ್' ಯೋಜನೆಯಲ್ಲಿ ವಲಸೆ ಬಂದವರ ಜೊತೆ ಕೂತು, ಅಮೆರಿಕದ ಗಡಿ ಕಾವಲು ಪಡೆಯ ಹಸಿರು ಸಮವಸ್ತ್ರದ ಬಟ್ಟೆಯಿಂದ ಕಳ್ಳಿ ಗಿಡಗಳನ್ನು ಹೊಲಿಸಿದರು. ಗಡಿ ದಾಟಿದವರು ತಮ್ಮ ಕಥೆಯನ್ನು ಅದರ ಮೇಲೆ ಕಸೂತಿ ಹಾಕಿದರು. ಯಾವ ಬಟ್ಟೆ ಕಂಡರೆ ಓಡಬೇಕಿತ್ತೋ ಅದೇ ಬಟ್ಟೆಯ ಮೇಲೆ!

ಕಲೆಯಾಗಿ ನೋಡಿದರೆ ನನಗೆ ಕುಸಿದ ಮಿಕ್ಸಿಯೇ ಹೆಚ್ಚು. ಅದು ಬಾಯಿ ಬಿಡದೆ ಹೇಳುತ್ತದೆ. ಕಳ್ಳಿ ಗಿಡಕ್ಕೆ ಕಸೂತಿಯ ವಿವರಣೆ ಬೇಕು. ಆದರೂ ಹೊಲಿದವರು ಏನು ಹೇಳಬೇಕು ಅಂತ ಅವರೇ ತೀರ್ಮಾನ ಮಾಡಿದ್ದು ಕಳ್ಳಿಯಲ್ಲಿ, ಮಿಕ್ಸಿಯಲ್ಲಲ್ಲ.