ನೀರೊಡೆದ ಉಪ್ಪು

ಆಷಾಢ ಬಂತೆಂದರೆ ಕುಮಟಾ, ಗೋಕರ್ಣದ ಕಡೆ ಉಪ್ಪಿನ ಮರಿಗೆ, ಅಂದರೆ ಉಪ್ಪು ತುಂಬಿಡುವ ಮರದ ಪಾತ್ರೆ, ಅಳಲು ಶುರು. ಸಾರು ಕುದಿಯುತ್ತಿರುವಾಗ ಚಮಚ ಹಾಕಿದರೆ ಉಪ್ಪಿನ ಬದಲು ಉಪ್ಪುನೀರು. ನಾಲ್ಕು ಕಾಳು ಅಕ್ಕಿ ಹಾಕಿಡಿ ಎನ್ನುವ ಪಂಡಿತರು ಮನೆಮನೆಗೂ ಇದ್ದಾರೆ. ಡಬ್ಬಿಯಲ್ಲಿ ತಾನೇ ಥಂಡಿ ಹಿಡಿದು ಕೂತ ಅಕ್ಕಿ ಇನ್ನೊಬ್ಬರ ಪಸೆ ಹೀರೀತೇ?

ಶುದ್ಧ ಉಪ್ಪು ನೀರೊಡೆಯಬೇಕಾದರೆ ಗಾಳಿಯ ತೇವ ಶೇ. 75 ದಾಟಬೇಕು. ಇಷ್ಟು ಕೇಳಿದ್ದೇ ತಡ, ತತ್ತ್ವ ಮಾತಾಡುವವರು ಹಿಡಿದುಕೊಳ್ಳುತ್ತಾರೆ: ನೋಡಿ, ನಿಯಮ ಮೊದಲು, ಉಪ್ಪು ಆಮೇಲೆ! ಆಗಲಿ ಮಾರಾಯರೇ, ಉಪ್ಪು ಇಲ್ಲದಾಗ ಈ 75 ಎಲ್ಲಿ ಕೂತಿತ್ತು? ಕಡಲುಪ್ಪಿಗೆ ಅಂಟಿ ಬರುವ ಕಹಿ ಲವಣ ಮೆಗ್ನೀಷಿಯಂ ಕ್ಲೋರೈಡಿನ ಲೆಕ್ಕವೇ ಬೇರೆ, ತೇವ ಶೇ. 33ರ ಆಸುಪಾಸು ಇದ್ದರೂ ಸಾಕು. ಕರಾವಳಿಯಲ್ಲಿ ಅದು ಬೇಸಿಗೆಯಲ್ಲೂ ನೀರೇ.

ಅದು ನಮ್ಮ ಮರಿಗೆಗೆ ಬಂದದ್ದು ಹೇಗೆಂದರೆ, ಸಾಣಿಕಟ್ಟಾದಂಥ ಉಪ್ಪಿನ ಆಗರದಲ್ಲಿ ಅಘನಾಶಿನಿ ಹೊಳೆಯ ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ದಾಟಿಸುತ್ತ ಬಿಸಿಲಿಗೆ ಬಿಡುತ್ತಾರೆ. ಲೀಟರು ಕಡಲನೀರಲ್ಲಿ ಲವಣವೆಲ್ಲ ಸೇರಿ ಸುಮಾರು 35 ಗ್ರಾಂ. ಮೊದಲು ತಳ ಸೇರುವುದು ಸುಣ್ಣದಂಶ, ಆಮೇಲೆ ಜಿಪ್ಸಂ. ನೀರು ಹತ್ತರಲ್ಲೊಂದು ಪಾಲಿಗೆ ಇಳಿದು ಉಪ್ಪುನೀರಿನ ಸಾಂದ್ರತೆ ಅಳೆಯುವ ಬೋಮೆ ಮಾಪಕ 25 ತೋರಿಸುವ ಹೊತ್ತಿಗೆ ಅಡುಗೆ ಉಪ್ಪಿನ ಚೌಕ ಹರಳು ಕಟ್ಟತೊಡಗುತ್ತದೆ. 29–30 ಆಗುವ ಮುಂಚೆ ಉಳಿದ ನೀರನ್ನು ಹೊರಗೆ ಬಿಟ್ಟುಬಿಡಬೇಕು. ಇನ್ನೊಂದು ಬುಟ್ಟಿ ಸಿಕ್ಕೀತೆಂಬ ಆಸೆಗೆ ಬಿದ್ದರೆ ಕಹಿ ಮೆಗ್ನೀಷಿಯಂ ಹರಳಿಗೆ ಅಂಟಿಕೊಳ್ಳುತ್ತದೆ. ಎಳೆದ ಉಪ್ಪನ್ನು ರಾಶಿ ಹಾಕಿ ಸೋರಗೊಡದೆ ಚೀಲಕ್ಕೆ ತುಂಬಿದರೂ ಅದೇ ಗತಿ.

ನಿಯಮ ಮೊದಲೋ ವಸ್ತು ಮೊದಲೋ ಎಂಬ ಈ ತಕರಾರು ಆಕಾಶದಲ್ಲೂ ಇದ್ದದ್ದೇ. ಯುರೇನಸ್ ಲೆಕ್ಕ ತಪ್ಪಿ ನಡೆದಾಗ ಫ್ರಾನ್ಸಿನ ಖಗೋಳಜ್ಞ ಲೆ ವೆರಿಯೆ ನ್ಯೂಟನ್ನನ ನಿಯಮವನ್ನು ನಂಬಿ, ಆಚೆ ಇನ್ನೊಂದು ಗ್ರಹ ಇರಲೇಬೇಕೆಂದ. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧ ತಪ್ಪಿದಾಗಲೂ 1859ರಲ್ಲಿ ಅದೇ ಮದ್ದು. ಕಾಣದ ಆ ಗ್ರಹಕ್ಕೆ ವಲ್ಕನ್ ಅಂತ ನಾಮಕರಣವೂ ಆಯಿತು. ಮಗುವೇ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ನಿಯಮವನ್ನೇ ತಿದ್ದಬೇಕಾಯಿತು.

ಹಾಗಾದರೆ ವಸ್ತುವೇ ಮೂಲವೋ? ಪರಮಾಣುವಿನ ನಡುವಿನ ಪ್ರೋಟಾನಿನ ದ್ರವ್ಯರಾಶಿಯಲ್ಲಿ ಅದರೊಳಗಿನ ಕಣಗಳಾದ ಕ್ವಾರ್ಕುಗಳ ಸ್ವಂತದ್ದು ಶೇ. 1ರಷ್ಟು; ಮಿಕ್ಕಿದ್ದೆಲ್ಲ ಅವುಗಳ ಓಡಾಟ, ಹಿಡಿತದ ಶಕ್ತಿ. ಕಿಲೋ ಉಪ್ಪು ತೂಗಿಸಿ ತಂದವರು ಏನನ್ನು ತಂದ ಹಾಗಾಯಿತು?

ಅದಿರಲಿ. ಹರಳುಪ್ಪನ್ನು ಬಿದಿರಿನ ಬುಟ್ಟಿಗೆ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಕೆಳಗೊಂದು ಪಾತ್ರೆ ಇಡಿ. ಮೊದಲು ಸೋರುವುದು ಆ ಕಹಿನೀರೇ. ಉಪ್ಪು ದಂಡವಾಯಿತೆಂದು ಅದನ್ನು ಸಾರಿಗೆ ಸುರಿಯಬೇಡಿ.