‘ಇವರಿಗೆ ಆಸಕ್ತಿನೇ ಇಲ್ಲ ಮೇಡಂ’

ಸಿಟ್ಟಿನಲ್ಲಿ ಏನೂ ಬರೆಯಬಾರದು ಅಂತ ಸಂಜೆಯಿಂದ ಫೋನ್ ಮುಟ್ಟಿರಲಿಲ್ಲ. ಊಟ ಆಯ್ತು, ಸಿಟ್ಟು ಇಳಿಯಲಿಲ್ಲ. ಬರೆದೇ ಬಿಡುತ್ತೇನೆ.

ನಾನು ಪಾಠ ಹೇಳಲು ಹೋಗುವ ಕಮ್ಯುನಿಟಿ ಕಾಲೇಜು ಯಾವುದು ಅಂತ ನಿಮಗೆ ಗೊತ್ತು, ಹೆಸರು ಬೇಡ ಬಿಡಿ. ಅಲ್ಲಿ ದೊಡ್ಡವರ ಅಕ್ಷರ ತರಗತಿಯನ್ನು ನಿಲ್ಲಿಸುತ್ತಾರಂತೆ. ಟೈಲರಿಂಗ್ ಇರುತ್ತದೆ, ಬ್ಯೂಟಿಷಿಯನ್ ಕೋರ್ಸ್ ಇರುತ್ತದೆ, ಟ್ಯಾಲಿ ಇರುತ್ತದೆ. ಓದು ಬರಹ ಮಾತ್ರ ಇರುವುದಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಆಫೀಸಿನಾಕೆ ತಲೆ ಎತ್ತದೆ ಹೇಳಿದರು, “ಇವರಿಗೆ ಆಸಕ್ತಿನೇ ಇಲ್ಲ ಮೇಡಂ. ರಿಜಿಸ್ಟರ್ ನೋಡಿ, ಬರೀ ಆಬ್ಸೆಂಟು.”

ನೋಡಿದೆ. ಆಬ್ಸೆಂಟೇ. ಅದೇ ಪುಟದ ತಲೆಯಲ್ಲಿ ತರಗತಿಯ ಹೊಸ ವೇಳೆಯೂ ಇತ್ತು: ಬೆಳಿಗ್ಗೆ 11ರಿಂದ 1.

ಬೆಳಿಗ್ಗೆ ಹನ್ನೊಂದಕ್ಕೆ ಈ ಊರಿನಲ್ಲಿ ಓದು ಬಾರದವರು ಯಾರು ಸ್ವಾಮಿ ಖಾಲಿ ಕೂತಿರುತ್ತಾರೆ? ಮನೆಗೆಲಸದವರು ಮೂರನೇ ಮನೆಯ ಪಾತ್ರೆ ಉಜ್ಜುತ್ತಿರುತ್ತಾರೆ. ಗಾರ್ಮೆಂಟ್ಸ್ ಹೆಂಗಸರು ಪೀಣ್ಯದಲ್ಲಿ ಮಿಷನ್ ಮುಂದೆ. ಪೌರಕಾರ್ಮಿಕರು ಬೆಳಗಾಗೆದ್ದು ಹಿಡಿದ ಪೊರಕೆಯನ್ನು ಇನ್ನೂ ಕೆಳಗಿಟ್ಟಿರುವುದಿಲ್ಲ. ಆ ಹೊತ್ತಿಗೆ ಪುರುಸೊತ್ತು ಇರುವುದು ನನ್ನಂಥ ರಿಟೈರ್ ಆದವರಿಗೆ. ನನಗೆ ಓದು ಬರುತ್ತೆ.

ಮೊದಲು ನಮ್ಮ ತರಗತಿ ಮಧ್ಯಾಹ್ನ ಎರಡೂವರೆಗೆ ಇತ್ತು. ಮನೆಗೆಲಸದವರಿಗೆ ಬೆಳಗಿನ ಸುತ್ತು ಮುಗಿದು, ಸಂಜೆಯ ಸುತ್ತು ಶುರುವಾಗುವ ಮೊದಲು ಸಿಗುವ ಬಿಡುವು ಅದೊಂದೇ. ಬೆಂಚು ಸಾಲದೆ ನೆಲದ ಮೇಲೆ ಕೂರುತ್ತಿದ್ದರು. ಆ ರೂಮು ಕಂಪ್ಯೂಟರ್ ಬ್ಯಾಚಿಗೆ ಬೇಕಾಯಿತು, ನಮ್ಮನ್ನು ಹನ್ನೊಂದಕ್ಕೆ ತಳ್ಳಿದರು. ಕಲಿಯುವವರನ್ನು ಒಂದು ಮಾತು ಕೇಳಲಿಲ್ಲ. ಈಗ ಆಸಕ್ತಿ ಇಲ್ಲವಂತೆ!

ಸೇರಲು ಬಂದವರ ಕಥೆ ಕೇಳಿ. ಈಗ ಅರ್ಜಿ ಆನ್‌ಲೈನ್. ಇಮೇಲ್ ಐಡಿ ಕಡ್ಡಾಯ. ಫೋನಿಗೆ ಇಂಗ್ಲಿಷಿನಲ್ಲಿ ಒಟಿಪಿ ಬರುತ್ತದೆ. ಕೊನೆಯಲ್ಲಿ ‘ಮೇಲಿನ ಷರತ್ತುಗಳನ್ನೆಲ್ಲ ಓದಿ ಒಪ್ಪಿದ್ದೇನೆ’ ಅನ್ನುವ ಕಡೆ ಟಿಕ್ ಮಾಡಬೇಕು. ಓದಿ ಒಪ್ಪಿದ್ದೇನೆ! ಅದನ್ನು ಓದಲು ಬಂದಿದ್ದರೆ ಆ ತಾಯಿ ಇಲ್ಲಿಗೆ ಯಾಕೆ ಬರುತ್ತಿದ್ದರು? ಈ ಫಾರಂ ಮಾಡಿದ ಪುಣ್ಯಾತ್ಮ ಯಾರೋ, ಅವರಿಗೆ ಒಂದು ಶಾಲು ಹೊದಿಸಬೇಕು.

ಆಸಕ್ತಿ ಅಂದರೇನು ಅಂತ ನಾನು ಹೇಳುತ್ತೇನೆ ಕೇಳಿ. ಬ್ಯಾಂಕಿನ ಕೌಂಟರಿನಲ್ಲೇ ತಲೆ ಹಣ್ಣಾದವಳು ನಾನು. ಗಂಡಸರಾದರೆ ಎಡಗೈ ಹೆಬ್ಬೆಟ್ಟು, ಹೆಂಗಸರಾದರೆ ಬಲಗೈ. ಎಷ್ಟು ಜನರ ಬೆರಳು ಹಿಡಿದು ಒತ್ತಿಸಿದ್ದೇನೋ ಲೆಕ್ಕವಿಲ್ಲ. ಒತ್ತಿದ ಮೇಲೆ ಹೆಂಗಸರು ಒಂದು ಕೆಲಸ ಮಾಡುತ್ತಿದ್ದರು. ಬೆರಳನ್ನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಳ್ಳುತ್ತಿದ್ದರು. ಹೊರಮಗ್ಗುಲಿಗಲ್ಲ. ಮಸಿ ಹಿಂದೆ ನಿಂತವರ ಕಣ್ಣಿಗೆ ಬೀಳಬಾರದು ಅಂತ. ಆಸಕ್ತಿ ಇಲ್ಲದವರಿಗೆ ಅಷ್ಟು ನಾಚಿಕೆ ಎಲ್ಲಿಂದ ಬರುತ್ತದೆ?

ನಮ್ಮ ಕ್ಲಾಸಿಗೆ ಬರುತ್ತಿದ್ದ ಹೂವಿನ ಅಕ್ಕನಿಗೆ ಬಸ್ ಬೋರ್ಡ್ ಓದಬೇಕಿತ್ತು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಟಿಕೆಟಿನ ಚಿಂತೆ ಇಲ್ಲ. ಯಾವ ಬಸ್ಸು ಅನ್ನುವ ಚಿಂತೆ ಹಾಗೇ ಇತ್ತು. “ಇದು ಎಲ್ಲಿಗೆ ಹೋಗುತ್ತಪ್ಪಾ” ಅಂತ ಕೇಳಿದರೆ ಹುಡುಗರು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿರುತ್ತಾರೆ. ಆಕೆ ಮೊದಲು ಓದಿದ ಊರು ಯಲಹಂಕ. ದೀರ್ಘ ಇಲ್ಲ, ಕೊಂಬು ಇಲ್ಲ, ಒತ್ತು ಇಲ್ಲ, ಒಂದು ಸೊನ್ನೆ ಅಷ್ಟೆ. ಆಮೇಲೆ ಶಿವಾಜಿನಗರ. ಮೆಜೆಸ್ಟಿಕ್ ಹತ್ತಿರ ಬಂದು ಸಿಕ್ಕಿಬಿದ್ದರು. ಸ ಕೆಳಗೆ ಟ ಒತ್ತು, ಅದಕ್ಕೊಂದು ಗುಡಿಸು. “ಇದೇನ್ ಮೇಡಂ, ಒಂದರ ಮೇಲೆ ಒಂದು ಕೂತವೆ” ಅಂತ ನಕ್ಕರು. ಒತ್ತಕ್ಷರ ಕಲಿತ ಮೇಲೆ ಬೇರೆ ದೂರು ಬಂತು. ಬಸ್ಸಿನ ಎಲ್‌ಇಡಿ ಬೋರ್ಡಿನಲ್ಲಿ ಅವರು ಅರ್ಧ ಹೆಸರು ಕೂಡಿಸುವಷ್ಟರಲ್ಲಿ ಇಂಗ್ಲಿಷ್ ಬಂದುಬಿಡುತ್ತದೆ, ಮತ್ತೆ ಕನ್ನಡ ಬರುವ ಹೊತ್ತಿಗೆ ಬಸ್ಸೇ ಹೊರಟಿರುತ್ತದೆ. ಬೋರ್ಡ್ ಜೊತೆ ಜಗಳ ಆಡುವಷ್ಟು ದೂರ ಬಂದಿದ್ದ ಹೆಂಗಸಿಗೆ ಆಸಕ್ತಿ ಇಲ್ಲ ಅಂತೀರಾ? ಆಕೆ ಬೆಳಿಗ್ಗೆ ಹನ್ನೊಂದಕ್ಕೆ ಹೂವು ಮಾರಬೇಕು. ಅಷ್ಟೇ ವಿಷಯ.

ನಿಜ ಹೇಳಬೇಕೆಂದರೆ ನಾನೇನು ಸಮಾಜಸೇವೆ ಅಂತ ಹೋದವಳಲ್ಲ. ಮಧ್ಯಾಹ್ನದ ಹೊತ್ತು ಮನೆ ಬಿಕೋ ಅನ್ನುತ್ತದೆ. ಮಲಗಿದರೆ ರಾತ್ರಿ ನಿದ್ದೆ ಇಲ್ಲ, ಟಿವಿ ಹಾಕಿದರೆ ನಿನ್ನೆಯ ಧಾರಾವಾಹಿಯೇ ಇವತ್ತೂ. ಅವರಿಗೆ ನನ್ನ ಅವಶ್ಯಕತೆ ಎಷ್ಟಿತ್ತೋ, ನನಗೆ ಅವರದು ಅದಕ್ಕಿಂತ ಜಾಸ್ತಿ ಇತ್ತು. ಸಿಟ್ಟಿಗೆ ಅದೂ ಒಂದು ಕಾರಣ ಇರಬಹುದು. ಇರಲಿ.

ಬೆಂಗಳೂರು ಅಂದರೆ ಎಲ್ಲರೂ ಓದಿದವರೇ ಅಂದುಕೊಂಡವರಿಗೆ ಒಂದು ಲೆಕ್ಕ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ. 87.67. ಅಂದರೆ ಏಳು ವರ್ಷ ದಾಟಿದ ಎಂಟು ಜನರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಓದು ಬರುತ್ತಿರಲಿಲ್ಲ. ಇಡೀ ರಾಜ್ಯದ ಹೆಂಗಸರದ್ದು ಶೇ. 68.08 ಮಾತ್ರ. ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಗೊತ್ತು. ಕೇಂದ್ರದ ಉಲ್ಲಾಸ್ ಕಾರ್ಯಕ್ರಮ 2022ರಿಂದ 2027ರವರೆಗೆ ಅಂತ ಇದೆ, ಹದಿನೈದು ದಾಟಿದವರಿಗೆ. ಓದು, ಬರಹ, ಲೆಕ್ಕ ಸೇರಿ 150 ಅಂಕದ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಪಾಠ ಹೇಳುವವರೆಲ್ಲ ಸ್ವಯಂಸೇವಕರು.

ಇಲ್ಲಿಗೆ ನಿಮ್ಮಲ್ಲಿ ಕೆಲವರು ಕಮೆಂಟ್ ಹಾಕಲು ಶುರು ಮಾಡಿರುತ್ತೀರಿ. ‘ಬಿಟ್ಟಿ ಕೆಲಸ ಮಾಡೋರು ಸಿಕ್ಕಿದ ಹೊತ್ತಿಗೆ ಕ್ಲಾಸ್ ಇಡಬೇಕಲ್ವಾ, ಸಂಜೆ ಇಟ್ಟರೆ ವಾಚ್‌ಮನ್ ಬೇಕು, ಕರೆಂಟ್ ಬಿಲ್ ಯಾರು ಕೊಡ್ತಾರೆ?’ ಸ್ವಲ್ಪ ಸರಿ. ನನ್ನ ಜೊತೆ ಬರುತ್ತಿದ್ದ ಡಿಗ್ರಿ ಹುಡುಗಿಗೆ ಬಸ್ ಚಾರ್ಜ್ ಕೂಡ ಕೊಡುತ್ತಿರಲಿಲ್ಲ. ಆದರೆ ಅದೇ ಕಟ್ಟಡದಲ್ಲಿ ಫೀಸು ಕೊಡುವ ಸ್ಪೋಕನ್ ಇಂಗ್ಲಿಷ್ ಬ್ಯಾಚು ರಾತ್ರಿ ಎಂಟೂವರೆವರೆಗೆ ನಡೆಯುತ್ತದೆ. ಲೈಟು ಉರಿಯುತ್ತಿರುತ್ತದೆ. ವಾಚ್‌ಮನ್ ಇರುತ್ತಾನೆ. ಪಕ್ಕದ ರೂಮಿಗೆ ಬೀಗ ಇರುತ್ತದೆ.

ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಡಿಗ್ರಿಗೆ ಲೆಕ್ಕವಾಗದ ಮೂಲ ಓದು ಬರಹದ ತರಗತಿಗೆ ಫೀಸಿಲ್ಲ, ಸಂಜೆಯೂ ನಡೆಯುತ್ತವೆ. ‘ಅಮೆರಿಕಕ್ಕೆ ಹೋಲಿಸಬೇಡಿ’ ಅಂತೀರಿ. ಸರಿ, ಹೋಲಿಸಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ದೊಡ್ಡವರಿಗೆ ರಾತ್ರಿ ಶಾಲೆಗಳಿದ್ದವು. ಊರೂರಿಗೆ ಕರೆಂಟು ಬರುವ ಮೊದಲಿನ ಮಾತು. ದುಡಿಯುವವರು ಹಗಲು ಬರಲ್ಲ ಅನ್ನುವುದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. ನಮ್ಮ ಆಫೀಸಿಗೆ ಇನ್ನೂ ತಲುಪಿಲ್ಲ.

ಸಾಕು, ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ರಸ್ತೆಯ ಗಣೇಶನ ಗುಡಿಯವರು ಹಿಂದಿನ ಹಾಲ್ ಕೊಡಲು ಒಪ್ಪಿದ್ದಾರೆ. ವಾರದ ದಿನ ಎರಡೂವರೆಗೆ ಮನೆಗೆಲಸದವರಿಗೆ, ಭಾನುವಾರ ಮೂರಕ್ಕೆ ಗಾರ್ಮೆಂಟ್ಸ್‌ನವರಿಗೆ. ಫಾರಂ ಇಲ್ಲ, ಇಮೇಲ್ ಇಲ್ಲ. ‘ಹ್ಯಾಟ್ಸಾಫ್ ಮೇಡಂ’ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ, ದಯವಿಟ್ಟು. ನನಗೆ ಬೇಕಿರುವುದು ಚಾಳೀಸು. ನಲವತ್ತು ದಾಟಿದವರಲ್ಲಿ ಎಷ್ಟೋ ಜನಕ್ಕೆ ಹತ್ತಿರದ ಅಕ್ಷರ ಕಾಣುವುದೇ ಇಲ್ಲ, ತಲೆಗೆ ಹತ್ತುತ್ತಿಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಪುಸ್ತಕ ಕೊಡುವವರು ಇದ್ದಾರೆ, ಕನ್ನಡಕ ಕೊಡುವವರಿಲ್ಲ. ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತಲ್ಲ, ಅದೇ ಸಾಕು, ಒಂದೂವರೆ ಮತ್ತು ಎರಡು ಪವರಿನದ್ದು. ಮನೆಯಲ್ಲಿರುವ ಹಳೆಯದಾದರೂ ನಡೆಯುತ್ತದೆ, ಕಾಲು ಮುರಿದದ್ದು ಮಾತ್ರ ಬೇಡ. ದಾನ ಅಂದ ತಕ್ಷಣ ನಾವು ಮುರಿದದ್ದನ್ನೇ ಹುಡುಕುತ್ತೇವೆ, ನನಗೆ ಗೊತ್ತು. ಇನ್‌ಬಾಕ್ಸಿಗೆ ಬನ್ನಿ, ವಿಳಾಸ ಕೊಡುತ್ತೇನೆ.